ಬ್ರಾಕೆಟ್ ಎಲ್ಲಿ ಬೇಕು? ಸ್ಪೆಕ್ ಭಾಷೆಯ ಆದ್ಯತೆ ಪಟ್ಟಿಯ ಹಿನ್ನೆಲೆ

ನಮ್ಮ ಮೆಟ್ರೋ ಗೇಟು ಯಾವಾಗ ತೆರೆಯಬೇಕು ಎಂಬುದನ್ನು ಸ್ಪೆಕ್‌ನಲ್ಲಿ (ವ್ಯವಸ್ಥೆ ಹೇಗೆ ನಡೆಯಬೇಕೆಂಬ ನಿಖರ ವಿವರಣೆಯಲ್ಲಿ) ಹೀಗೆ ಬರೆದಿದ್ದೇವೆ ಅಂದುಕೊಳ್ಳಿ: ಟೋಕನ್ ∨ ಕಾರ್ಡ್ ∧ ಹಣ. ∨ ಅಂದರೆ ‘ಅಥವಾ’, ∧ ಅಂದರೆ ‘ಮತ್ತು’. ∧ ಮೊದಲು ಎಂದು ಓದಿದರೆ ಟೋಕನ್ ಇದ್ದವರು ಸಲೀಸಾಗಿ ಒಳಗೆ ಹೋಗುತ್ತಾರೆ. ಎಡದಿಂದ ಬಲಕ್ಕೆ ಓದಿದರೆ ಅವರನ್ನೂ ‘ಕಾರ್ಡಿನಲ್ಲಿ ಹಣವಿಲ್ಲ’ ಎಂದು ತಡೆಯಬೇಕಾಗುತ್ತದೆ. ಸ್ಪೆಕ್ ಬರೆಯಲೆಂದೇ ಇರುವ ಟಿಎಲ್‌ಎ ಪ್ಲಸ್ (TLA+) ಭಾಷೆ ಈ ಸಾಲನ್ನು ಒಪ್ಪುವುದೇ ಇಲ್ಲ. ಬ್ರಾಕೆಟ್ ಹಾಕುವವರೆಗೆ ಬರೆದದ್ದನ್ನು ಓದಿ ಬಿಡಿಸುವ ಅದರ ಪಾರ್ಸರ್, ಹೆಸರು ಸ್ಯಾನಿ (SANY), ದೋಷ ತೋರಿಸುತ್ತದೆ. ಆ ಹಟ ಸರಿಯಾದದ್ದು. ಅದರ ಹಿಂದೆ ದಶಕಗಳ ಪಾಠವಿದೆ.

1960ರ ಆಲ್ಗಾಲ್ ಪ್ರೋಗ್ರಾಮಿಂಗ್ ಭಾಷೆಯ ವರದಿ ಆದ್ಯತೆಯನ್ನು, ಅಂದರೆ ಯಾವ ಆಪರೇಟರ್ (+, * ಥರದ ಚಿಹ್ನೆ) ಮೊದಲು ಎಂಬುದನ್ನು, ವ್ಯಾಕರಣದೊಳಗೇ ಹೆಣೆದಿತ್ತು. ಕೂಡುವುದು, ಕಳೆಯುವುದು ಹೊರಪದರ. ಗುಣಾಕಾರ, ಭಾಗಾಕಾರ ಅದರ ಒಳಗೆ. ಘಾತ ಇನ್ನೂ ಒಳಗೆ. ಓದಲು ಚೆನ್ನ, ಆದರೆ ಆಪರೇಟರ್ ಹೆಚ್ಚಿದಂತೆ ಪದರಗಳೂ ಬೆಳೆಯುತ್ತವೆ. 1970ರ ದಶಕದಲ್ಲಿ ಬಂದ, ಪಾರ್ಸರ್ ತಯಾರಿಸುವ ಉಪಕರಣ ಯಾಕ್ (Yacc), ಆದ್ಯತೆಯನ್ನು ವ್ಯಾಕರಣದಿಂದ ಬಿಡಿಸಿ ಪ್ರತ್ಯೇಕ ಘೋಷಣೆಯ ಸಾಲುಗಳಿಗೆ ಹಾಕಿತು. ಅದೇ ಕಾಲದ ಸಿ ಭಾಷೆಯಲ್ಲಿ ‘ಮತ್ತು’ ಎಂಬರ್ಥದ ಹೊಸ ಚಿಹ್ನೆ && ಸೇರಿದಾಗ, ಹಳೆಯ ಕೋಡ್ ಕೆಡಬಾರದೆಂದು & ಅನ್ನು == ಗಿಂತ ಕೆಳಗೇ ಉಳಿಸಿಕೊಂಡರು. ಬ್ರಾಕೆಟ್ ಮರೆತರೆ == ಹೋಲಿಕೆಯೇ ಮೊದಲು ನಡೆದುಬಿಡುತ್ತದೆ. ಅದರ ಪೆಟ್ಟು ಇಂದಿಗೂ ಬೀಳುತ್ತಿದೆ.

ಟಿಎಲ್‌ಎ ಪ್ಲಸ್ ರೂಪಿಸಿದ ಲೆಸ್ಲಿ ಲ್ಯಾಂಪೋರ್ಟ್ 2002ರ ಪುಸ್ತಕದಲ್ಲಿ ಅದರ ವ್ಯಾಕರಣವನ್ನು ಅದೇ ಭಾಷೆಯ ಮಾಡ್ಯೂಲ್ ಆಗಿ ಬರೆದರು. ಆದ್ಯತೆ ಮತ್ತು ಸಾಲುಗಳ ಜೋಡಣೆ (ಯಾವ ಸಾಲು ಯಾವುದರ ನೇರಕ್ಕೆ ಶುರುವಾಗಬೇಕು ಎಂಬುದು) ಮಾತ್ರ ಅದರ ಹೊರಗೆ, ಪಟ್ಟಿ ಮತ್ತು ವಿವರಣೆಯಲ್ಲಿವೆ. ವ್ಯಾಕರಣವನ್ನಷ್ಟೇ ನೋಡಿ ಪಾರ್ಸರ್ ಬರೆಯಲು ಕೂತವರು ಎಡವುವುದು ಇಲ್ಲೇ.

ಪಟ್ಟಿಯಲ್ಲಿ ಪ್ರತಿ ಆಪರೇಟರಿಗೂ ಒಂದು ವ್ಯಾಪ್ತಿ ಇದೆ; ಸಂಖ್ಯೆ ದೊಡ್ಡದಾದಷ್ಟೂ ಹಿಡಿತ ಬಿಗಿ. ∧, ∨ ಎರಡಕ್ಕೂ 3–3; = ಗೆ 5–5; + ಗೆ 10–10; − ಗೆ 11–11; * ಗೆ 13–13; % (ಭಾಗಿಸಿದಾಗ ಉಳಿಯುವ ಶೇಷ) ಗೆ 10–11. ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದರೆ ಬ್ರಾಕೆಟ್ ಕಡ್ಡಾಯ. ಹಾಗಾಗಿ ಅ + ಬ % ಕ ದೋಷ. ಅ + ಬ + ಕ ಸರಿ, ಏಕೆಂದರೆ + ಎಡದಿಂದ ಗುಂಪಾಗುತ್ತದೆಂದು ಪಟ್ಟಿಯೇ ಹೇಳುತ್ತದೆ.

ಸಿ, ಜಾವಾ ಬರೆದು ಕೈ ಪಳಗಿದ ಬೆಂಗಳೂರಿನ ಇಂಜಿನಿಯರ್‌ಗಳು ಹೆಚ್ಚು ಎಚ್ಚರ ವಹಿಸಬೇಕಾದ್ದು ದೋಷ ಬಾರದ ಕಡೆ. 7 % 4 * 2 ಅಂದರೆ ಸಿ ಭಾಷೆಯಲ್ಲಿ (7 % 4) * 2, ಉತ್ತರ 6. ಟಿಎಲ್‌ಎ ಪ್ಲಸ್‌ನಲ್ಲಿ * ಬಿಗಿ, ಆದ್ದರಿಂದ 7 % 8, ಉತ್ತರ 7. ಎರಡೂ ಕಡೆ ಪಾರ್ಸರ್ ತುಟಿ ಬಿಚ್ಚುವುದಿಲ್ಲ.

ನಿಮ್ಮ ತಂಡ ತನ್ನದೇ ಸ್ಪೆಕ್ ಭಾಷೆಗೆ ದಾಖಲೆ ಬರೆಯುತ್ತಿದ್ದರೆ ಚಿಹ್ನೆ, ವ್ಯಾಪ್ತಿ, ಗುಂಪಾಗುವ ದಿಕ್ಕು ಇಷ್ಟಕ್ಕೇ ನಿಲ್ಲಿಸಬೇಡಿ. ತಿರಸ್ಕೃತವಾಗುವ ಒಂದು ಉದಾಹರಣೆಯನ್ನೂ ಪ್ರತಿ ಸಾಲಿನಲ್ಲಿ ಕೊಡಿ, ಎಲ್ಲವನ್ನೂ ಪಾರ್ಸರ್‌ನಲ್ಲಿ ಓಡಿಸಿಯೇ ಪ್ರಕಟಿಸಿ. ಜೋಡಣೆಗೆ ಬೇರೆ ಅಧ್ಯಾಯವೇ ಬೇಕು, ಟ್ಯಾಬ್ ಬೇಡ. ಒಂದೇ ನೇರಕ್ಕೆ ಬರೆದ ಒಂದೇ ಚಿಹ್ನೆಯ ಸಾಲುಗಳು ಒಂದು ಪಟ್ಟಿಯಾಗಿ, ಬ್ರಾಕೆಟ್ ಹಾಕಿದಂತೆಯೇ ಗುಂಪಾಗುತ್ತವೆ. ಗೇಟಿನ ನಿಯಮವನ್ನೇ ನೋಡಿ:

∨ ಟೋಕನ್
∨ ∧ ಕಾರ್ಡ್
  ∧ ಹಣ

ಕೊನೆಯ ಸಾಲು ಎರಡು ಸ್ಪೇಸ್ ಎಡಕ್ಕೆ ಜರುಗಿ ∨ ಕೆಳಗೆ ಬಂತೆನ್ನಿ. ∨ ಪಟ್ಟಿ ಅಲ್ಲಿಗೇ ಮುಗಿಯುತ್ತದೆ, ಅರ್ಥ (ಟೋಕನ್ ∨ ಕಾರ್ಡ್) ∧ ಹಣ ಎಂದಾಗುತ್ತದೆ. ಟೋಕನ್ ಹಿಡಿದವರು ಮತ್ತೆ ಗೇಟಿನ ಹೊರಗೆ.