ಪದ ಪರಿಚಯ: ಭೂಕಂಪದ ಅಪಾಯ – ನೆಲದ್ದೆಷ್ಟು, ನಮ್ಮದೆಷ್ಟು?

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರ ಸುದ್ದಿಯಲ್ಲಿತ್ತು. ನೆಲದೊಳಗಿಂದ ಗುಡುಗಿದಂಥ ಸದ್ದು, ಅದರ ಹಿಂದೆಯೇ ನಡುಕ. ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದರು. ಕಂಪನದ ಪ್ರಮಾಣ ಹೆಚ್ಚೆಂದರೆ 4ರ ಆಸುಪಾಸು. ದೊಡ್ಡದೇನಲ್ಲ. ಆದರೆ ಪಕ್ಕದ ಸೇಡಂ ತಾಲೂಕಿನಿಂದ ಹಿಡಿದು ವಾಡಿಯವರೆಗೆ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ರೈಲಿನಲ್ಲಿ ವಾಡಿ ಜಂಕ್ಷನ್ ದಾಟಿದವರಿಗೆ ಆ ಚಿಮಣಿಗಳು, ಗೋಪುರಗಳು ಗೊತ್ತು. ಬಟಾ ಬಯಲಲ್ಲಿ ಮೈಲಿಗಟ್ಟಲೆ ದೂರದಿಂದ ಕಾಣುತ್ತವೆ. ಅವನ್ನು ಕಂಡಾಗೆಲ್ಲ ನನಗೆ ಬರುವ ಪ್ರಶ್ನೆ ಒಂದೇ: ಈ ನೆಲ ಜೋರಾಗಿ ಅಲುಗಿದರೆ ಎಷ್ಟು ಅಲುಗೀತು, ಅದನ್ನು ಯಾರು ಹೇಗೆ ಲೆಕ್ಕ ಹಾಕಿದ್ದಾರೆ?

ಆ ಲೆಕ್ಕಕ್ಕೇ ‘ಭೂಕಂಪ ಅಪಾಯದ ಅಂದಾಜು’ ಎನ್ನುತ್ತಾರೆ. ಇವತ್ತಿನ ಪದ ಇದು.

ಮೊದಲ ತೊಡಕು ಭಾಷೆಯದ್ದು. ಎಂಜಿನಿಯರುಗಳು ಎರಡು ಬೇರೆ ಮಾತು ಬಳಸುತ್ತಾರೆ, ಹಜಾರ್ಡ್ ಮತ್ತು ರಿಸ್ಕ್. ಕನ್ನಡದಲ್ಲಿ ಎರಡಕ್ಕೂ ನಾವು ‘ಅಪಾಯ’ ಎಂದೇ ಬರೆಯುತ್ತೇವೆ. ಅಲ್ಲಿಗೆ ಅರ್ಧ ವಿಷಯ ಕಳೆದುಹೋಗುತ್ತದೆ. ಹೊಲದ ನಡುವೆ ಕಟ್ಟೆ ಇಲ್ಲದ ಬಾವಿ ಇದೆ ಅಂದುಕೊಳ್ಳಿ. ಬಾವಿ ಹಜಾರ್ಡ್. ಅದರ ಸುತ್ತ ಮಕ್ಕಳು ಆಡುತ್ತಾರಾ, ರಾತ್ರಿ ಅಲ್ಲಿ ಯಾರಾದರೂ ಓಡಾಡುತ್ತಾರಾ, ಪಕ್ಕದಲ್ಲಿ ಹಗ್ಗ ಇದೆಯಾ, ಇವೆಲ್ಲ ಸೇರಿದರೆ ರಿಸ್ಕ್. ಭೂಕಂಪದಲ್ಲೂ ಹಾಗೇ. ಒಂದು ಜಾಗದಲ್ಲಿ ನೆಲ ಎಷ್ಟು ಬಲವಾಗಿ, ಎಂಥ ಲಯದಲ್ಲಿ, ಎಷ್ಟು ಸಲ ಅಲುಗಬಹುದು ಎಂಬುದು ನೆಲದ ಅಪಾಯ. ಅದನ್ನು ನಾವು ಕಮ್ಮಿ ಮಾಡಲಾರೆವು. ಅದರ ಮೇಲೆ ಏನು ಕಟ್ಟಿದ್ದೇವೆ, ಒಳಗೆ ಏನು ತುಂಬಿದ್ದೇವೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದು ನಷ್ಟದ ಅಪಾಯ. ಅದನ್ನು ಕಮ್ಮಿ ಮಾಡುವುದು ನಮ್ಮ ಕೈಯಲ್ಲೇ ಇದೆ. ಖಾಲಿ ಬಯಲಿನಲ್ಲಿ ನೆಲದ ಅಪಾಯ ಎಷ್ಟೇ ಇದ್ದರೂ ನಷ್ಟದ ಅಪಾಯ ಸೊನ್ನೆ. ಅದೇ ಬಯಲಲ್ಲಿ ಅಮೋನಿಯಾ ಟ್ಯಾಂಕ್ ಇಟ್ಟ ದಿನ ಲೆಕ್ಕವೇ ಬೇರೆ.

ಈ ಲೇಖನದಲ್ಲಿ ಬರೀ ‘ಅಪಾಯ’ ಎಂದು ಬರೆದಲ್ಲಿ ನೆಲದ ಅಪಾಯ ಎಂದೇ ಓದಿಕೊಳ್ಳಿ.

ನಮ್ಮಲ್ಲಿ ಇದರ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ: ‘ಕರ್ನಾಟಕ ವಲಯ 2ರಲ್ಲಿದೆ, ಸೇಫ್.’ ಭೂಕಂಪ ತಾಳುವಂತೆ ಕಟ್ಟಲು ದೇಶಕ್ಕಿರುವ ನಿಯಮಗಳ ಸಂಹಿತೆ ಐಎಸ್ 1893. ಅದರ 2016ರ ಆವೃತ್ತಿ ದೇಶವನ್ನು 2ರಿಂದ 5ರವರೆಗೆ ನಾಲ್ಕು ವಲಯಗಳಾಗಿ ವಿಂಗಡಿಸಿದೆ. ಕರ್ನಾಟಕದ ಬಹುಪಾಲು 2ರಲ್ಲಿದೆ. ಮಂಗಳೂರು, ಧಾರವಾಡ, ವಿಜಯಪುರದಂಥ ಕಡೆ 3. ಪ್ರತಿ ವಲಯಕ್ಕೂ ಒಂದು ಸಂಖ್ಯೆ ಇದೆ: 2ಕ್ಕೆ 0.10, 3ಕ್ಕೆ 0.16, 4ಕ್ಕೆ 0.24, 5ಕ್ಕೆ 0.36. ಗುರುತ್ವದ ಎಷ್ಟು ಪಾಲಿನಷ್ಟು ಬಲದಲ್ಲಿ ನೆಲ ಅಲುಗಬಹುದು ಎಂಬ ಸಂಖ್ಯೆ ಇದು. 0.10 ಎಂದರೆ ನೂರು ಕೆಜಿ ತೂಕದ ವಸ್ತುವನ್ನು ಹತ್ತು ಕೆಜಿ ಬಲದಲ್ಲಿ ಅಡ್ಡಕ್ಕೆ ನೂಕಿದ ಹಾಗೆ. ಅದೂ ಒಂದು ಸಲ ಅಲ್ಲ, ಆ ಕಡೆ ಈ ಕಡೆ ಮತ್ತೆ ಮತ್ತೆ.

ಈ ನಕ್ಷೆ ಇಡೀ ಪ್ರದೇಶಕ್ಕೆ ಬರೆದ ಒರಟು ಗೆರೆ. ಸಾಮಾನ್ಯ ಮನೆ ಕಟ್ಟೋಕೆ ಅಷ್ಟು ಸಾಕು. ಆದರೆ ಕಲ್ಲಿನ ಮೇಲೆ ಬರೆದದ್ದೇನೂ ಅಲ್ಲ. 1993ರ ಸೆಪ್ಟೆಂಬರ್ 30ರಂದು, ಗಣೇಶ ವಿಸರ್ಜನೆಯ ಮರುದಿನ ನಸುಕಿನಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿ ಕುಸಿಯಿತು. ಪ್ರಮಾಣ 6.2. ಸತ್ತವರು ಹತ್ತು ಸಾವಿರದ ಹತ್ತಿರ. ಬೀದರ್, ಕಲಬುರಗಿ ಕಡೆಯೂ ಜನ ಎದ್ದು ಹೊರಗೆ ಓಡಿದರು. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗದಲ್ಲಿ. 2002ರ ಪರಿಷ್ಕರಣೆಯಲ್ಲಿ ವಲಯ 1 ಎಂಬುದನ್ನೇ ತೆಗೆದುಹಾಕಿದರು. ನಮ್ಮ ‘ವಲಯ 2’ ಕೆಳಗಿನಿಂದ ಎರಡನೆಯದಾಗಿ ಉಳಿದಿಲ್ಲ, ಈಗ ಅದೇ ತಳದ ಮೆಟ್ಟಿಲು. ಗಡಿಕೇಶ್ವರದಿಂದ ಕಿಲ್ಲಾರಿಗೆ ನೇರ ದೂರ ನೂರು ಕಿಲೋಮೀಟರ್‌ಗಿಂತ ತುಸು ಜಾಸ್ತಿ, ಅಷ್ಟೇ.

ಅದಕ್ಕೂ ಮುಂಚೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು. 1967ರ ಡಿಸೆಂಬರ್ 11ರ ನಸುಕು. ಆ ಅಣೆಕಟ್ಟನ್ನು 0.05ರ ಲೆಕ್ಕದಲ್ಲಿ ಕಟ್ಟಿದ್ದರು. ನಮ್ಮ ಉದಾಹರಣೆಯಲ್ಲಿ ಹೇಳುವುದಾದರೆ ನೂರು ಕೆಜಿಗೆ ಐದು ಕೆಜಿ ನೂಕು. ಅಣೆಕಟ್ಟಿನಲ್ಲೇ ಇಟ್ಟಿದ್ದ ಯಂತ್ರ ಆ ದಿನ ದಾಖಲಿಸಿದ್ದು 0.6ಕ್ಕಿಂತ ಜಾಸ್ತಿ. ಐದು ಕೆಜಿ ಅಂದುಕೊಂಡಲ್ಲಿ ಅರವತ್ತು ಕೆಜಿ! ಅಣೆಕಟ್ಟು ಬಿರುಕು ಬಿಟ್ಟಿತು, ಒಡೆಯಲಿಲ್ಲ. ದಕ್ಖನ್ ನೆಲ ಅಲುಗದು ಎಂಬ ನಂಬಿಕೆ ಮಾತ್ರ ಅಂದೇ ಒಡೆಯಿತು. ಜಲಾಶಯ ತುಂಬಿದ ಮೇಲೆ ಹುಟ್ಟುವ ಕಂಪನಕ್ಕೆ ಇವತ್ತಿಗೂ ಜಗತ್ತಿನ ಪಠ್ಯಗಳಲ್ಲಿ ಮೊದಲು ಬರುವ ಹೆಸರು ಕೊಯ್ನಾ.

ಹಾಗಾದರೆ ಅಂದಾಜು ಮಾಡೋದು ಹೇಗೆ? ಮೊದಲು ಹಳೇ ಲೆಕ್ಕ ತೆಗೆಯುತ್ತಾರೆ. ಸುತ್ತಲ ಕೆಲವು ನೂರು ಕಿಲೋಮೀಟರ್‌ನಲ್ಲಿ ಆದ ಪ್ರತಿ ಕಂಪನವೂ ಪಟ್ಟಿಗೆ ಬರಬೇಕು. ಯಂತ್ರಗಳು ಬಂದದ್ದು ಈಚೆಗೆ. ಅದಕ್ಕೂ ಹಿಂದಿನದಕ್ಕೆ ಹಳೇ ಸರ್ಕಾರಿ ವರದಿ, ಪತ್ರ, ದಿನಚರಿಗಳೇ ಗತಿ. 1843ರಲ್ಲಿ ಬಳ್ಳಾರಿ ಕಡೆ ಆದ ಕಂಪನ ನಮಗೆ ತಿಳಿದಿರುವುದು ಇಂಥ ಬರಹಗಳಿಂದಲೇ. ಆಮೇಲೆ ಬಿರುಕುಗಳ ಹುಡುಕಾಟ. ಯಾವ ಸ್ತರಭಂಗ, ಅಂದರೆ ಬಂಡೆಗಳು ಜಾರುವ ಬಿರುಕು, ಎಲ್ಲಿದೆ, ಎಷ್ಟು ಉದ್ದ, ಎಷ್ಟು ದೊಡ್ಡ ಕಂಪನ ಕೊಡಬಲ್ಲದು? ಹಿಮಾಲಯದಲ್ಲಿ ಇದು ಸ್ವಲ್ಪ ಸಲೀಸು. ನಮ್ಮ ದಕ್ಖನ್‌ನಲ್ಲಿ ಬಿರುಕುಗಳು ಕಪ್ಪು ಲಾವಾ ಬಂಡೆಯ ಕೆಳಗೆ ಅಡಗಿರುತ್ತವೆ. ಕಿಲ್ಲಾರಿಯಲ್ಲಿ ಹಾಗೇ ಆಯಿತು. ಮೂರನೆಯದು, ಕಂಪನ ಹುಟ್ಟಿದ ಜಾಗದಿಂದ ಕಾರ್ಖಾನೆಗೆ ಬರುವಷ್ಟರಲ್ಲಿ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ. ಗಟ್ಟಿ ಹಳೇ ಬಂಡೆಯ ನಮ್ಮ ನೆಲದಲ್ಲಿ ಅಲೆ ಬೇಗ ಸಾಯುವುದಿಲ್ಲ, ದೂರ ಹೋಗುತ್ತದೆ.

ಕೊನೆಗೆ ಕಾಲ ಕೆಳಗಿನ ಮಣ್ಣು. ಇದನ್ನು ಸುಮ್ನೆ ದಾಟಿಬಿಡುವವರು ಬಹಳ. ಶಹಾಬಾದ್ ಕಲ್ಲಿನ ಮೇಲೆ ನಿಂತ ಗೋಪುರಕ್ಕೂ ಹತ್ತಾರು ಅಡಿ ಎರೆಮಣ್ಣಿನ ಮೇಲೆ ನಿಂತ ಗೋಪುರಕ್ಕೂ ಒಂದೇ ಭೂಕಂಪದಲ್ಲಿ ಸಿಗುವ ಅಲುಗಾಟ ಬೇರೆ ಬೇರೆ. ಮೆತ್ತನೆಯ ಮಣ್ಣು ಅಲೆಯನ್ನು ಹಿಗ್ಗಿಸುತ್ತದೆ. ನೀರು ತುಂಬಿದ ಸಡಿಲ ಮರಳಾದರೆ ಅಲುಗಿದಾಗ ಗಂಜಿಯ ಹಾಗೆ ಆಗಿಬಿಡುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಒಂದು ಕಟ್ಟಡ ಹೀಗೇ ವಾಲಿತು. ಕಾರ್ಖಾನೆ ಕಟ್ಟುವವರು ಬೋರ್ ಕೊರೆದು ಮಣ್ಣು ನೋಡಬೇಕು ಅನ್ನೋದು ಇದಕ್ಕೇ.

ಇದನ್ನೆಲ್ಲ ಸೇರಿಸಿ ಒಂದು ಸಂಭವದ ಲೆಕ್ಕವಾಗಿಸುವ ದಾರಿಯನ್ನು 1968ರಲ್ಲಿ ಅಮೆರಿಕದ ಎಂಜಿನಿಯರ್ ಅಲಿನ್ ಕಾರ್ನೆಲ್ ತೋರಿಸಿಕೊಟ್ಟರು. ಆ ವಿಧಾನದಿಂದ ಬಂದದ್ದೇ ‘475 ವರ್ಷದ ಕಂಪನ’ ಎಂಬ ಮಾತು. ಇದನ್ನು ತಪ್ಪು ತಿಳಿಯುವವರೇ ಜಾಸ್ತಿ. 475 ವರ್ಷಕ್ಕೊಮ್ಮೆ ಪಾಳಿ ಹಚ್ಚಿದ ಹಾಗೆ ಬರುತ್ತದೆ ಎಂದಲ್ಲ ಇದರ ಅರ್ಥ. ಯಾವುದೇ ಒಂದು ವರ್ಷದಲ್ಲಿ ಅಷ್ಟು ಬಲದ ಕಂಪನ ಬರುವ ಸಂಭವ 475ರಲ್ಲಿ ಒಂದು. ಕಾರ್ಖಾನೆ 50 ವರ್ಷ ನಡೆಯುತ್ತದೆ ಎಂದಿಟ್ಟುಕೊಂಡರೆ ಆ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಂಭವ ಶೇ. 10. ಹತ್ತರಲ್ಲಿ ಒಂದು! ಗೋದಾಮಿಗೆ ಅಷ್ಟು ಸಾಕು ಅನ್ನಬಹುದು. ವಿಷಾನಿಲದ ಟ್ಯಾಂಕಿಗೆ ಸಾಕೇ? ಅದಕ್ಕೇ ಅಂಥಲ್ಲಿ 50 ವರ್ಷಕ್ಕೆ ಶೇ. 2ರ ಸಂಭವ ಇರುವ, ಅಂದರೆ 2,475 ವರ್ಷದ ಕಂಪನ ಹಿಡಿಯುತ್ತಾರೆ. ಕೈಗಾದಂಥ ಅಣುಸ್ಥಾವರಗಳಿಗೆ 10,000 ವರ್ಷದ್ದು.

ಬಲ ಗೊತ್ತಾದರೆ ಮುಗಿಯಲಿಲ್ಲ. ಲಯ ಇನ್ನೂ ಮುಖ್ಯ, ಅದರಲ್ಲೂ ಕಾರ್ಖಾನೆಗಳಿಗೆ. ಬಕೆಟ್ ತುಂಬ ನೀರು ಹಿಡಿದು ನಡೆದು ನೋಡಿ. ಒಂದು ನಡಿಗೆಯಲ್ಲಿ ಒಂದು ಹನಿಯೂ ಚೆಲ್ಲದು. ಹೆಜ್ಜೆ ಸ್ವಲ್ಪ ಬದಲಾಯಿಸಿ, ನೀರು ತಾನೇ ತೂಗಾಡಲು ಶುರುಮಾಡಿ ಸೀರೆ ಸೆರಗೆಲ್ಲ ಒದ್ದೆ. ಹೆಜ್ಜೆಯ ಲಯವೂ ನೀರಿನ ಲಯವೂ ಕೂಡಿದಾಗ ಹಾಗಾಗುತ್ತದೆ. ಗಿಡ್ಡ ಕಟ್ಟಡದ ಲಯ, ಅಂದರೆ ಒಮ್ಮೆ ತೂಗಿ ಬರುವ ಹೊತ್ತು, ಸೆಕೆಂಡಿನ ಒಂದು ಪಾಲು. ಎತ್ತರದ ಚಿಮಣಿಯದು ಒಂದೆರಡು ಸೆಕೆಂಡು. ದೊಡ್ಡ ಎಣ್ಣೆ ಟ್ಯಾಂಕಿನೊಳಗಿನ ಎಣ್ಣೆ ಇದೆಯಲ್ಲ, ಅದು ಒಮ್ಮೆ ತೂಗಿ ಬರಲು ಹತ್ತು ಸೆಕೆಂಡಿನವರೆಗೂ ತಗೊಳ್ಳುತ್ತದೆ. ಅಂಥ ನಿಧಾನದ ಅಲೆಗಳು ಬಲು ದೂರ ಹೋಗುತ್ತವೆ.

2003ರ ಸೆಪ್ಟೆಂಬರ್ 26ರಂದು ಜಪಾನಿನ ಹೊಕ್ಕೈಡೊ ಕಡಲಲ್ಲಿ 8ಕ್ಕೂ ಮೀರಿದ ಕಂಪನವಾಯಿತು. ಇನ್ನೂರು ಕಿಲೋಮೀಟರ್‌ಗೂ ಆಚೆ ಇದ್ದ ತೊಮಾಕೊಮೈ ಪಟ್ಟಣದ ರಿಫೈನರಿಯಲ್ಲಿ ಟ್ಯಾಂಕಿನೊಳಗಿನ ಎಣ್ಣೆ ತೂಗಾಡಿತು. ಎಣ್ಣೆಯ ಮೇಲೆ ತೇಲುವ ಲೋಹದ ಮುಚ್ಚಳಗಳು ಕೆಟ್ಟವು. ಅದೇ ದಿನ ಒಂದು ಟ್ಯಾಂಕಿಗೆ ಬೆಂಕಿ. ಎರಡು ದಿನ ಬಿಟ್ಟು ಇನ್ನೊಂದಕ್ಕೆ, ಅದು ಬೇಗ ಹೊತ್ತಿಕೊಳ್ಳುವ ನಾಫ್ತಾ ಎಣ್ಣೆಯ ಟ್ಯಾಂಕು. ಅಷ್ಟು ದೂರದ ಕಂಪನಕ್ಕೆ ಹೀಗೆ. ನೆಲದ ಬಲವನ್ನಷ್ಟೇ ನೋಡಿದ್ದರೆ ಈ ಅಪಾಯ ಕಾಗದದ ಮೇಲೆ ಕಾಣುತ್ತಲೇ ಇರಲಿಲ್ಲ.

‘ಭೂಕಂಪ ಅಪಾಯದ ಅಂದಾಜು’ ಎಂಬುದರ ಮುಂದೆ ಕೆಲವೊಮ್ಮೆ ‘ಪ್ರಾದೇಶಿಕ’ ಎಂಬ ಮಾತೂ ಸೇರಿಕೊಂಡಿರುತ್ತದೆ. ಅದು ಯಾಕೆ ಅಂತ ಟರ್ಕಿಯ ಇಜ್ಮಿತ್ ನೋಡಿದರೆ ಅರ್ಥವಾಗುತ್ತದೆ. 1999ರ ಆಗಸ್ಟ್ 17, ಬೆಳಗಿನ ಜಾವ 3 ಗಂಟೆ. ಸತ್ತವರು 17,000ಕ್ಕೂ ಹೆಚ್ಚು. ಅಲ್ಲಿನ ತ್ಯುಪ್ರಾಶ್ ರಿಫೈನರಿಯಲ್ಲಿ 115 ಮೀಟರ್ ಎತ್ತರದ ಚಿಮಣಿ ಮುರಿದು ಕಚ್ಚಾ ಎಣ್ಣೆ ಘಟಕದ ಕುಲುಮೆ ಮೇಲೆ ಬಿತ್ತು. ಅಲ್ಲಿ ಬೆಂಕಿ. ಇನ್ನೊಂದು ಕಡೆ ನಾಫ್ತಾ ಟ್ಯಾಂಕುಗಳಿಗೆ ಬೆಂಕಿ. ಒಂದೇ ಬೆಂಕಿಯಾಗಿದ್ದರೆ ಆರಿಸಬಲ್ಲ ವ್ಯವಸ್ಥೆ ಅವರಲ್ಲಿತ್ತು. ಆದರೆ ನೀರು ಬರುತ್ತಿದ್ದದ್ದು ಸಪಾಂಜಾ ಕೆರೆಯಿಂದ, ಆ ಕೊಳವೆ ಕಂಪನದಲ್ಲೇ ಒಡೆದಿತ್ತು. ಕರೆಂಟ್ ಇಲ್ಲ. ಅಗ್ನಿಶಾಮಕದವರು ಊರಲ್ಲಿ ಅವಶೇಷದಡಿ ಸಿಕ್ಕವರನ್ನು ಎಳೆಯುತ್ತಿದ್ದರು. ಕೊನೆಗೆ ವಿಮಾನದಿಂದ ನೀರು, ನೊರೆ ಸುರಿಯಬೇಕಾಯಿತು. ಬೆಂಕಿ ಹಲವು ದಿನ ಉರಿಯಿತು. ಸುತ್ತ ಐದು ಕಿಲೋಮೀಟರ್ ಜನರನ್ನು ತೆರವು ಮಾಡಿಸಿದರು. ಆ ಐದು ಕಿಲೋಮೀಟರ್ ಒಳಗೆ ಕುಸಿದ ಮನೆಗಳಡಿ ಇನ್ನೂ ಜೀವಗಳಿದ್ದವು. ಇದನ್ನು ಓದಿದಾಗಲೆಲ್ಲ ನನಗೆ ಕೈ ನಡುಗುತ್ತದೆ. ಮಾಮೂಲಿ ಅವಘಡದಲ್ಲಿ ಪಕ್ಕದ ಊರು ಸಹಾಯಕ್ಕೆ ಬರುತ್ತದೆ. ಭೂಕಂಪದಲ್ಲಿ ಪಕ್ಕದ ಊರೂ ಬಿದ್ದಿರುತ್ತದೆ. ಅಪಾಯವನ್ನು ಇಡೀ ಪ್ರದೇಶಕ್ಕೆ ಅಳೆಯಬೇಕಾದ್ದು ಇದಕ್ಕೆ: ಕಾರ್ಖಾನೆಯ ಬೇಲಿ ಒಳಗಷ್ಟೇ ಅಲ್ಲ, ನೀರು ಬರುವ ಕೆರೆ, ಕರೆಂಟ್ ಬರುವ ಲೈನು, ಬಂಡಿ ಬರುವ ಸೇತುವೆವರೆಗೂ.

ಹೀಗೆ ಪ್ರಕೃತಿಯ ಹೊಡೆತದಿಂದ ಹುಟ್ಟುವ ಕಾರ್ಖಾನೆ ದುರಂತಕ್ಕೆ ‘ನ್ಯಾಟೆಕ್’ ಎಂಬ ಹೆಸರೂ ಬಿದ್ದಿದೆ.

ನೆಲದ ಲೆಕ್ಕ ಸರಿಯಿದ್ದರೂ ನಮ್ಮ ಕಡೆಯ ಲೆಕ್ಕ ತಪ್ಪಬಹುದು. 2011ರ ಮಾರ್ಚ್ 11ರ ಜಪಾನ್ ಭೂಕಂಪದ ದಿನ ಟೋಕಿಯೊ ಪಕ್ಕದ ಚಿಬಾದ ರಿಫೈನರಿಯಲ್ಲಿ ಒಂದು ಎಲ್‌ಪಿಜಿ ಗೋಲ ಟ್ಯಾಂಕಿನಲ್ಲಿ ಗ್ಯಾಸ್ ಇರಲಿಲ್ಲ, ತಪಾಸಣೆಗಾಗಿ ನೀರು ತುಂಬಿದ್ದರು. ನೀರು ಎಲ್‌ಪಿಜಿಗಿಂತ ಸುಮಾರು ಎರಡು ಪಟ್ಟು ಭಾರ. ಮೊದಲ ಕಂಪನಕ್ಕೆ ಕಾಲುಗಳ ನಡುವಿನ ಅಡ್ಡಪಟ್ಟಿಗಳು ತುಂಡಾದವು. ಅರ್ಧ ಗಂಟೆ ಬಿಟ್ಟು ಬಂದ ಮರುಕಂಪನಕ್ಕೆ ಕಾಲುಗಳೇ ಮಡಚಿಕೊಂಡವು. ಬಿದ್ದ ಟ್ಯಾಂಕು ಪಕ್ಕದ ಗ್ಯಾಸ್ ಕೊಳವೆಗಳನ್ನು ಒಡೆಯಿತು. ಹತ್ತು ದಿನ ಬೆಂಕಿ. ಆ ಟ್ಯಾಂಕು ಕೆಲವು ದಿನ ಮಾತ್ರ ಭಾರವಾಗಿತ್ತು, ಆ ದಿನಗಳಲ್ಲೇ ನೆಲ ಅಲುಗಿತು.

ನಮ್ಮ ಸಂಹಿತೆಯಲ್ಲೂ ಕಾರ್ಖಾನೆಗಳಿಗೆ ಬೇರೆಯೇ ಭಾಗವಿದೆ, ಐಎಸ್ 1893ರ ನಾಲ್ಕನೇ ಭಾಗ. ಕುಸಿದರೆ ಹೊರಗಿನ ಊರಿಗೂ ಜೀವಹಾನಿ ತರಬಲ್ಲ ರಚನೆಗಳನ್ನು ಅದು ಮೊದಲ ವರ್ಗಕ್ಕೆ ಸೇರಿಸುತ್ತದೆ. ಅಂಥವಕ್ಕೆ ವಲಯದ ಸಂಖ್ಯೆ ಸಾಲದು, ಆ ಜಾಗದ್ದೇ ಅಧ್ಯಯನ ಬೇಕು. ವಲಯ 3ರ ಮಂಗಳೂರಿನಲ್ಲಿ ರಿಫೈನರಿ ಇದೆ, ಎಲ್‌ಪಿಜಿ ದಾಸ್ತಾನು ಇದೆ. ಅಲ್ಲಿ ಮತ್ತು ಪಾದೂರಿನಲ್ಲಿ ನೆಲದಡಿ ಕಚ್ಚಾ ಎಣ್ಣೆಯ ಗವಿಗಳಿವೆ. ಬಳ್ಳಾರಿ ಕಡೆ ಉಕ್ಕಿನ ಕುಲುಮೆಗಳಿವೆ. ಈ ಪದ ನಮಗೆ ದೂರದ್ದೇನಲ್ಲ, ಅಲ್ವಾ?

ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಪರಿಸರ ವರದಿಯ ಸಾರಾಂಶ ಕನ್ನಡದಲ್ಲೇ ಸಿಗುತ್ತದೆ. ಅದರಲ್ಲಿ ‘ಸ್ಥಳವು ವಲಯ 2ರಲ್ಲಿ ಬರುತ್ತದೆ’ ಎಂಬ ಒಂದೇ ಸಾಲು ಕಂಡರೆ, ಎದ್ದು ನಿಂತು ಕೇಳಿ. ಎಷ್ಟು ವರ್ಷದ ಕಂಪನ ಹಿಡಿದಿದ್ದೀರಿ? ಕೆಳಗೆ ಎರೆಯೋ ಕಲ್ಲೋ? ಟ್ಯಾಂಕಿನ ಎಣ್ಣೆ ತೂಗುವ ಲಯ ಲೆಕ್ಕ ಹಾಕಿದ್ದೀರಾ? ಬೆಂಕಿ ಆರಿಸುವ ನೀರು ಎಲ್ಲಿಂದ ಬರುತ್ತದೆ, ಆ ಕೊಳವೆ ಒಡೆದರೆ ಇನ್ನೊಂದು ಇದೆಯಾ?