ತಾಜ್ ಮಹಲ್‌ಗೆ ಸುಪ್ರೀಂ ಕೋರ್ಟೇ ಮುನ್ಸಿಪಾಲಿಟಿ ಆದ ಕಥೆ

ಆಗ್ರಾ ಟೂರ್ ಹೋಗಿ ಬಂದೋರಿಗೆ ಇದು ನೆನಪಿರುತ್ತೆ, ಬಸ್ಸಾಗ್ಲಿ ಟ್ಯಾಕ್ಸಿ ಆಗ್ಲಿ ತಾಜ್ ಮಹಲ್ ಗೇಟ್ ತನಕ ಬಿಡಲ್ಲ, ಶಿಲ್ಪಗ್ರಾಮದ ಪಾರ್ಕಿಂಗ್‌ನಲ್ಲಿ ಇಳಿದು ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲಾಂದ್ರೆ ಬಿಸಿಲಲ್ಲಿ ನಡಕೊಂಡು ಹೋಗ್ಬೇಕು. ಬೆಳದಿಂಗಳಲ್ಲಿ ನೋಡ್ಬೇಕು ಅಂತ ಆಸೆ ಇದ್ರೆ ಹುಣ್ಣಿಮೆ, ಅದರ ಹಿಂದೆ ಎರಡು ಮುಂದೆ ಎರಡು, ಒಟ್ಟು ತಿಂಗಳಿಗೆ ಐದೇ ರಾತ್ರಿ, ರಾತ್ರಿಗೆ 400 ಜನ ಅಷ್ಟೇ, ಶುಕ್ರವಾರ ಬಿದ್ರೆ ಅದೂ ಇಲ್ಲ. ಯಾಕೆ ಅಂದ್ರೆ ಕೋರ್ಟ್ ಆರ್ಡರ್. ಯಾವ ಕೋರ್ಟು ಯಾವ ಆರ್ಡರ್ರು ಅಂತ ಕೇಳೋಷ್ಟರಲ್ಲಿ ಫೋಟೋ ತೆಗೆಯೋ ಟೈಮ್ ಬಂದಿರುತ್ತೆ. ಮಜಾ ಏನಂದ್ರೆ ಇದೆಲ್ಲ ಒಂದೇ ಕೇಸಿಂದ ಹುಟ್ಟಿದ್ದು. 1984ರಲ್ಲಿ ಸುಪ್ರೀಂ ಕೋರ್ಟಲ್ಲಿ ಹಾಕಿದ ರಿಟ್ ಅರ್ಜಿ, ನಂಬರ್ 13381. ಆವತ್ತು ಹುಟ್ಟಿದ ಮಗುಗೆ ಈಗ ನಲವತ್ತು ದಾಟಿದೆ, ಕೇಸು ಇನ್ನೂ ಮುಗಿದಿಲ್ಲ.

ಕಥೆ ಶುರುವಾಗೋದು ಅದಕ್ಕೂ ಹತ್ತು ವರ್ಷ ಹಿಂದೆ, ಮಥುರಾದಲ್ಲಿ. 1973ರಲ್ಲಿ ಅಲ್ಲಿ ಇಂಡಿಯನ್ ಆಯಿಲ್ ರಿಫೈನರಿಗೆ ಅಡಿಗಲ್ಲು ಬಿತ್ತು. ತಾಜ್‌ನಿಂದ ಸುಮಾರು 40 ಕಿಲೋಮೀಟರ್. ಕಚ್ಚಾ ತೈಲದಲ್ಲಿ ಗಂಧಕ ಇರುತ್ತೆ, ಉರಿಸಿದ್ರೆ ಸಲ್ಫರ್ ಡೈಆಕ್ಸೈಡ್ ಹೊರಗೆ ಬರುತ್ತೆ, ಅದು ತೇವದ ಜೊತೆ ಸೇರಿ ಸಲ್ಫ್ಯೂರಿಕ್ ಆಸಿಡ್ ಆಗುತ್ತೆ. ತಾಜ್‌ಗೆ ಹಾಕಿರೋ ಮಕ್ರಾನಾ ಅಮೃತಶಿಲೆ ಅಂದ್ರೆ ಬರೀ ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ತಾಗಿದ್ರೆ ಮೇಲ್ಪದರ ಜಿಪ್ಸಮ್ ಆಗಿ ಪುಡಿಪುಡಿ ಉದುರುತ್ತೆ. ಇದನ್ನೇ ಪೇಪರ್‌ನೋರು ಮಾರ್ಬಲ್ ಕ್ಯಾನ್ಸರ್ ಅಂತ ಕರೆದ್ರು. ಆಗ ಗಲಾಟೆ ಎದ್ದಿದ್ದಕ್ಕೆ ಸರ್ಕಾರ 1974ರಲ್ಲಿ ಎಸ್. ವರದರಾಜನ್ ಅನ್ನೋ ವಿಜ್ಞಾನಿ ಕೈಯಲ್ಲಿ ಒಂದು ತಜ್ಞರ ಕಮಿಟಿ ಮಾಡ್ತು.

ಆ ಕಮಿಟಿ ರಿಪೋರ್ಟ್ ಓದಿದ್ರೆ ನಮ್ಮ ದೇಶದಲ್ಲಿ ಯಾಕೆ ಎಲ್ಲ ಲೇಟಾಗುತ್ತೆ ಅಂತ ಅರ್ಥ ಆಗುತ್ತೆ. ಎಲ್ಲರೂ ರಿಫೈನರಿ ಕಡೆ ಬೆರಳು ತೋರಿಸ್ತಿದ್ರು, ಕಮಿಟಿ ನೋಡಿದ್ರೆ ರಿಫೈನರಿ ಇನ್ನೂ ಶುರುವೇ ಆಗಿರ್ಲಿಲ್ಲ, ಆದ್ರೂ ಆಗ್ರಾ ಗಾಳಿಯಲ್ಲಿ ಆಗ್ಲೇ ಸಲ್ಫರ್ ಡೈಆಕ್ಸೈಡ್ ಇತ್ತು. ಎಲ್ಲಿಂದ? ಊರೊಳಗಿದ್ದ ಎರಡು ಕಲ್ಲಿದ್ದಲ ಪವರ್ ಹೌಸು, ರೈಲ್ವೆ ಯಾರ್ಡಲ್ಲಿ ಹೊಗೆ ಉಗುಳೋ ಸ್ಟೀಮ್ ಇಂಜಿನ್ನು, ಆಮೇಲೆ ಗಲ್ಲಿ ಗಲ್ಲಿಯಲ್ಲಿ ಕೋಕ್ ಉರಿಸಿ ಕಬ್ಬಿಣ ಕರಗಿಸೋ ಫೌಂಡ್ರಿಗಳು. ಆಗ್ರಾ ಅಂದ್ರೆ ನಮಗೆ ತಾಜ್ ಒಂದೇ ನೆನಪು, ಅಲ್ಲಿನೋರಿಗೆ ಅದು ಎರಕ ಹೊಯ್ಯೋ ಊರು, ಪಂಪು ಡೀಸೆಲ್ ಇಂಜಿನ್ ಬಿಡಿಭಾಗ ಮಾಡೋ ಊರು. ಪವರ್ ಹೌಸ್ ಮುಚ್ಚಿ, ಇಂಜಿನ್ ಡೀಸೆಲ್ ಮಾಡಿ, ಫೌಂಡ್ರಿಗಳನ್ನ ಬೇರೆ ಕಡೆ ಕಳಿಸಿ ಅಂತ ಕಮಿಟಿ ಬರೆದುಕೊಡ್ತು. ಮೊದಲ ಎರಡು ನಿಧಾನಕ್ಕೆ ಆಯ್ತು, ಯಾಕಂದ್ರೆ ಅದು ಸರ್ಕಾರದ್ದೇ ಆಸ್ತಿ. ಮೂರನೇದು ಕಪಾಟು ಸೇರ್ತು. 1982ರಲ್ಲಿ ರಿಫೈನರಿ ಶುರುವಾಯ್ತು, 1983ರಲ್ಲಿ ತಾಜ್ ಮಹಲ್ ಮತ್ತೆ ಆಗ್ರಾ ಕೋಟೆ ಯುನೆಸ್ಕೋ ಪಟ್ಟಿಗೆ ಸೇರಿದ್ವು.

1984ರಲ್ಲಿ ದೆಹಲಿ ವಕೀಲ ಎಂ.ಸಿ. ಮೆಹ್ತಾ ಕೋರ್ಟಿಗೆ ಹೋದ್ರು. ಗಂಗಾ ಮಾಲಿನ್ಯದ ಕೇಸು, ದೆಹಲಿ ಬಸ್ಸುಗಳಿಗೆ ಸಿಎನ್‌ಜಿ ಬಂದ ಕೇಸು, ಎಲ್ಲ ಇವರದ್ದೇ. ಆದ್ರೆ ಮುಂದಿನ ಎಂಟೊಂಬತ್ತು ವರ್ಷ ತಾಜ್ ಕೇಸು ಹೆಚ್ಚು ಸದ್ದೇ ಮಾಡ್ಲಿಲ್ಲ. ಬಿಸಿ ಏರಿದ್ದು 1993ರಲ್ಲಿ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಪೀಠ ಕೈಗೆ ತಗೊಂಡಾಗ. ಜನ ಇವರನ್ನ ಗ್ರೀನ್ ಜಡ್ಜ್ ಅಂತಾನೇ ಕರೀತಿದ್ರು. ಉತ್ತರ ಪ್ರದೇಶದ ಮಾಲಿನ್ಯ ಮಂಡಳಿಗೆ, ಹೋಗಿ ಲೆಕ್ಕ ಮಾಡ್ಕೊಂಡು ಬನ್ನಿ ಅಂದ್ರು. ಐನೂರಕ್ಕೂ ಹೆಚ್ಚು ಕಾರ್ಖಾನೆ ಲಿಸ್ಟು ಬಂತು. ನೋಟಿಸ್ ಕೊಟ್ಟು, ಪೇಪರಲ್ಲಿ ಜಾಹೀರಾತು ಹಾಕ್ಸಿ, ಆಮೇಲೂ ಹೊಗೆ ತಡೆಯೋ ಉಪಕರಣ ಹಾಕದೇ ಇದ್ದ ಇನ್ನೂರಕ್ಕೂ ಹೆಚ್ಚು ಘಟಕಗಳನ್ನ ಅದೇ ವರ್ಷ ಮುಚ್ಚಿಸಿಬಿಟ್ರು.

ಇಲ್ಲಿ ಒಂದು ಪದ ಹೇಳ್ಬೇಕು, ಟಿಟಿಝಡ್. ತಾಜ್ ಟ್ರೆಪೀಜಿಯಂ ಝೋನ್ ಅಂತ. ಮ್ಯಾಪಲ್ಲಿ ಗೆರೆ ಎಳೆದ್ರೆ ನಾವು ಹೈಸ್ಕೂಲ್ ಗಣಿತದಲ್ಲಿ ಓದಿದ ತ್ರಾಪಿಜ್ಯದ ಆಕಾರ ಬರುತ್ತೆ ಅಂತ ಆ ಹೆಸರು. ಸುಮಾರು 10,400 ಚದರ ಕಿಲೋಮೀಟರ್, ಆಗ್ರಾ, ಮಥುರಾ, ಫಿರೋಜಾಬಾದ್, ಹಾಥ್ರಸ್, ಏಟಾ, ಆಚೆಗೆ ರಾಜಸ್ಥಾನದ ಭರತ್‌ಪುರದ ಭಾಗ. ಒಂದು ಸಮಾಧಿ ಕಾಪಾಡೋಕೆ ಎರಡು ರಾಜ್ಯದ ಇಷ್ಟು ಜಾಗಕ್ಕೆ ಬೇಲಿ.

1996 ಡಿಸೆಂಬರ್ 30ಕ್ಕೆ ದೊಡ್ಡ ತೀರ್ಪು ಬಂತು. ಮಾರನೇ ದಿನ ಕುಲದೀಪ್ ಸಿಂಗ್ ರಿಟೈರ್ಡ್, ಅಂದ್ರೆ ಟೇಬಲ್ ಖಾಲಿ ಮಾಡೋ ಮೊದಲು ಈ ಫೈಲ್‌ಗೆ ಸೈನ್ ಹಾಕಿ ಹೊರಟ್ರು ಅನ್ಕೊಳ್ಳಿ. 292 ಕಾರ್ಖಾನೆಗಳ ಪಟ್ಟಿ, ಒಂದೋ ಕೋಕ್ ಕಲ್ಲಿದ್ದಲು ಬಿಟ್ಟು ಗೇಲ್ ಕಂಪನಿ ಪೈಪಲ್ಲಿ ತರೋ ನ್ಯಾಚುರಲ್ ಗ್ಯಾಸ್‌ಗೆ ಬನ್ನಿ, ಇಲ್ಲ ಟ್ರೆಪೀಜಿಯಂ ಬಿಟ್ಟು ಆಚೆ ಹೋಗಿ, ಎರಡೂ ಆಗಲ್ವಾ, 1997 ಏಪ್ರಿಲ್ 30ರ ಒಳಗೆ ಕಲ್ಲಿದ್ದಲು ನಿಲ್ಸಿ. ಮಾಲಿನ್ಯ ಮಾಡಿದೋನೇ ದುಡ್ಡು ಕಟ್ಬೇಕು, ಹಾನಿ ಆಗಲ್ಲ ಅಂತ ಸಾಬೀತು ಮಾಡೋದು ಕಾರ್ಖಾನೆಯೋನ ಜವಾಬ್ದಾರಿ ಅನ್ನೋ ಎರಡು ತತ್ವನೂ ಇದರ ಬೆನ್ನಿಗಿತ್ತು. ಅದೇ ವರ್ಷ ಆಗಸ್ಟಲ್ಲಿ ವೆಲ್ಲೂರು ಚರ್ಮ ಹದ ಮಾಡೋ ಘಟಕಗಳ ಕೇಸಲ್ಲಿ ಇದೇ ಜಡ್ಜು ಅದನ್ನ ಬರೆದಿದ್ರು.

ತೀರ್ಪಲ್ಲಿ ನನಗೆ ಹಿಡಿಸಿದ್ದು ಕೊನೇ ಭಾಗ, ಅದನ್ನ ಯಾರೂ ಜಾಸ್ತಿ ಮಾತಾಡಲ್ಲ. ಕೆಲಸಗಾರರ ಬಗ್ಗೆ. ಕಾರ್ಖಾನೆ ಶಿಫ್ಟ್ ಆಗೋ ಟೈಮಲ್ಲಿ ಪೂರ್ತಿ ಸಂಬಳ ಕೊಡ್ಬೇಕು, ಹೊಸ ಜಾಗಕ್ಕೆ ಬರೋರಿಗೆ ಒಂದು ವರ್ಷದ ಸಂಬಳ ಬೋನಸ್, ಮಾಲೀಕ ಬಾಗಿಲು ಹಾಕ್ತೀನಿ ಅಂದ್ರೆ ಆರು ವರ್ಷದ ಸಂಬಳ ಪರಿಹಾರ. ಪೇಪರ್ ಮೇಲೆ ಚೆನ್ನಾಗಿದೆ. ಆದ್ರೆ ಹಾಜರಿ ಪುಸ್ತಕವೇ ಇಲ್ಲದ ಸಣ್ಣ ಎರಕದ ಮನೆಯಲ್ಲಿ ದಿನಗೂಲಿಗೆ ಇದ್ದೋನು ನಾನು ಇಲ್ಲಿ ಕೆಲಸ ಮಾಡ್ತಿದ್ದೆ ಅಂತ ಯಾರಿಗೆ ಹೇಗೆ ತೋರಿಸ್ಬೇಕು ಹೇಳಿ.

ಗ್ಯಾಸ್ ಬಂತು ಅನ್ನೋದಂತೂ ನಿಜ. ಫಿರೋಜಾಬಾದ್, ಅಂದ್ರೆ ದೇಶದ ಹೆಂಗಸರ ಕೈಗೆಲ್ಲ ಬಳೆ ಹಾಕ್ಸೋ ಊರು, ಅಲ್ಲಿನ ಗಾಜಿನ ಕುಲುಮೆಗಳು ಕಲ್ಲಿದ್ದಲು ಬಿಟ್ಟು ಪೈಪ್ ಗ್ಯಾಸಿಗೆ ಬಂದ್ವು. ಆಗ್ರಾ ಪೇಠಾ ಗೊತ್ತಲ್ಲ, ನಾವು ಕಾಶಿ ಹಲ್ವಾ ಮಾಡೋ ಬೂದುಗುಂಬಳಕಾಯಿಯಲ್ಲೇ ಮಾಡೋ ಸಿಹಿ, ಅದನ್ನ ಬೇಯಿಸೋ ಭಟ್ಟಿಗೂ ಆಮೇಲೆ ಕಲ್ಲಿದ್ದಲು ಬೇಡ ಅಂದ್ರು, ಅವರ ತಕರಾರು ವರ್ಷಗಟ್ಟಲೆ ನಡೀತು. ಇಷ್ಟೆಲ್ಲ ಆದ್ಮೇಲೆ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಈಗ ಮಿತಿಗಿಂತ ಎಷ್ಟೋ ಕೆಳಗಿದೆ. ಅಂದ್ರೆ 1974ರಲ್ಲಿ ಯಾವುದಕ್ಕೆ ಹೆದರಿದ್ರೋ ಆ ಯುದ್ಧ ಕೋರ್ಟು ಹೆಚ್ಚುಕಮ್ಮಿ ಗೆದ್ದಿದೆ.

ಹಾಗಾದ್ರೆ ಕೇಸು ಯಾಕೆ ಮುಗಿದಿಲ್ಲ ಅಂದ್ರೆ, ಕಾರ್ಖಾನೆ ಜೊತೆಜೊತೆಗೇ ಕೋರ್ಟು ಇನ್ನೊಂದು ಕೆಲಸ ಮೈಮೇಲೆ ಹಾಕೊಂಡಿತ್ತು, ಸರ್ಕಾರದ ಪ್ರಾಜೆಕ್ಟುಗಳ ಉಸ್ತುವಾರಿ. ಯೋಚನೆ ಸರಿಯಾಗೇ ಇತ್ತು. ಕರೆಂಟ್ ಹೋದ್ರೆ ಊರೆಲ್ಲ ಡೀಸೆಲ್ ಜನರೇಟರ್ ಗುರ್ ಅನ್ನುತ್ತೆ, ಹಂಗಾಗಿ ಆಗ್ರಾಗೆ ತಡೆಯಿಲ್ಲದ ಕರೆಂಟ್ ಕೊಡ್ಬೇಕು. ದೆಹಲಿ ಕಡೆ ಹೋಗೋ ಲಾರಿಗಳಿಗೆ ಬೈಪಾಸ್ ಬೇಕು. ಯಮುನೆಯಲ್ಲಿ ನೀರು ನಿಲ್ಬೇಕು ಅಂದ್ರೆ ಬ್ಯಾರೇಜ್ ಬೇಕು. ಚರಂಡಿ, ಕಸ, ಕುಡಿಯೋ ನೀರು, ಗ್ರೀನ್ ಬೆಲ್ಟು. ಇದಕ್ಕೆಲ್ಲ ಕೇಂದ್ರ ಅರ್ಧ ರಾಜ್ಯ ಅರ್ಧ ದುಡ್ಡು ಹಾಕೋದು ಅಂತ ಆಯ್ತು, ನೋಡ್ಕೊಳ್ಳೋಕೆ ಮಿಷನ್ ಮ್ಯಾನೇಜ್‌ಮೆಂಟ್ ಬೋರ್ಡ್ ಅಂತ ಅಧಿಕಾರಿಗಳ ಮಂಡಳಿ ಬಂತು, 1999ರಲ್ಲಿ ಟಿಟಿಝಡ್ ಪ್ರಾಧಿಕಾರ ಬಂತು. ಮಥುರಾ ಹತ್ರ ಗೋಕುಲ್ ಬ್ಯಾರೇಜ್ ಆಯ್ತು. ಆಗ್ರಾ ಬ್ಯಾರೇಜ್? ಅದರ ಹೆಸರಲ್ಲಿ ಆದ ಸಮಾರಂಭಗಳೇ ಜಾಸ್ತಿ, ಕೊನೆಗೆ ರಬ್ಬರ್ ಡ್ಯಾಂ ಮಾಡೋಣ ಅಂತ ಇನ್ನೊಂದು ಪ್ಲಾನ್.

ಈ ಉಸ್ತುವಾರಿ ಕಥೆಯಲ್ಲಿ ಎಲ್ಲಕ್ಕಿಂತ ವಿಚಿತ್ರ ಅಂದ್ರೆ ತಾಜ್ ಕಾರಿಡಾರ್. 2002-03ರಲ್ಲಿ, ಮಾಯಾವತಿ ಉತ್ತರ ಪ್ರದೇಶ ಮುಖ್ಯಮಂತ್ರಿ ಆಗಿದ್ದಾಗ, ಆಗ್ರಾ ಕೋಟೆಯಿಂದ ತಾಜ್ ತನಕ ಸುಮಾರು ಎರಡು ಕಿಲೋಮೀಟರ್ ಯಮುನಾ ಪಾತ್ರಕ್ಕೆ ಮಣ್ಣು ತುಂಬಿ ಅದರ ಮೇಲೆ ಅಂಗಡಿ ಪಾರ್ಕು ಮಾಡೋ ಯೋಜನೆ, 175 ಕೋಟಿ. ಅದರಲ್ಲಿ 17 ಕೋಟಿ ರಿಲೀಸೂ ಆಯ್ತು. ಇದರ ಚರ್ಚೆ ನಡೆದಿದ್ದು ಎಲ್ಲಿ ಗೊತ್ತಾ, ತಾಜ್ ಕಾಪಾಡೋಕೆ ಅಂತ ಮಾಡಿದ್ದ ಅದೇ ಮಿಷನ್ ಮ್ಯಾನೇಜ್‌ಮೆಂಟ್ ಬೋರ್ಡ್ ಮೀಟಿಂಗಲ್ಲಿ! ಬೇಲಿನೇ ಎದ್ದು ಹೊಲ ಮೇಯ್ದಂಗೆ. ಹಳೇ 1984ರ ಕೇಸು ಇನ್ನೂ ಜೀವಂತ ಇದ್ದಿದ್ದಕ್ಕೆ ವಿಷಯ ಸೀದಾ ಸುಪ್ರೀಂ ಕೋರ್ಟ್ ಮುಂದೆ ಹೋಯ್ತು, 2003ರಲ್ಲಿ ಸಿಬಿಐ ತನಿಖೆಗೆ ಆರ್ಡರ್ ಆಯ್ತು, ಕೆಲಸ ನಿಂತ್ಹೋಯ್ತು. ಕ್ರಿಮಿನಲ್ ಕೇಸಿನ ಗತಿ ಬೇರೆ, 2007ರಲ್ಲಿ ಆಗಿನ ರಾಜ್ಯಪಾಲ ಟಿ.ವಿ. ರಾಜೇಶ್ವರ್ ಪ್ರಾಸಿಕ್ಯೂಷನ್‌ಗೆ ಅನುಮತಿ ಕೊಡ್ಲಿಲ್ಲ, ಮಾಯಾವತಿ ತಾನು ತಪ್ಪು ಮಾಡಿಲ್ಲ ಅಂತಾನೇ ಹೇಳ್ಕೊಂಡು ಬಂದ್ರು, ವಿಚಾರಣೆ ತನಕ ಹೋಗ್ಲೇ ಇಲ್ಲ. ನದಿಗೆ ತುಂಬಿದ ಮಣ್ಣು ಮಾತ್ರ ಅಲ್ಲೇ ಬಿತ್ತು.

ಕೋರ್ಟು ಕೇಸನ್ನ ಮುಚ್ಚದೇ ಕೈಲಿ ಇಟ್ಕೊಂಡಿದ್ದು ಸರಿ ಅನ್ನೋರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ವಕೀಲರು ಇದಕ್ಕೆ ಕಂಟಿನ್ಯೂಯಿಂಗ್ ಮ್ಯಾಂಡಮಸ್ ಅಂತಾರೆ, ಆರ್ಡರ್ ಕೊಟ್ಟು ಸುಮ್ಮನಾಗೋದಲ್ಲ, ಮಾಡಿದ್ರೋ ಇಲ್ವೋ ಅಂತ ಮತ್ತೆ ಮತ್ತೆ ಕರೆದು ಕೇಳೋದು. ಆದ್ರೆ ಇದರ ಅಡ್ಡ ಪರಿಣಾಮನೂ ಇದೆ, ನಂಗೆ ಅದೇ ಹೆಚ್ಚು ಕಾಣೋದು. ಎಲ್ಲ ಕೋರ್ಟೇ ನೋಡ್ಕೊಳ್ಳುತ್ತೆ ಅಂತ ಆದ್ಮೇಲೆ ಅಧಿಕಾರಿ ಕೈ ಕಟ್ಕೊಂಡು ಕೂರ್ತಾನೆ. ಪಾರ್ಕಿಂಗ್ ಕಟ್ಟಡ ಇರ್ಬೇಕಾ ಒಡೀಬೇಕಾ (2017ರಲ್ಲಿ ಪೂರ್ವ ಗೇಟ್ ಹತ್ರದ ಬಹುಮಹಡಿ ಪಾರ್ಕಿಂಗ್ ಒಡೀರಿ ಅಂತ ಆರ್ಡರ್ ಆಗಿ ಮೂರೇ ದಿನಕ್ಕೆ ಅದಕ್ಕೆ ತಡೆ ಬಂತು), ಹತ್ತಿರದ ಸ್ಮಶಾನ ಶಿಫ್ಟ್ ಮಾಡ್ಬೇಕಾ, ಗೋಡೆಯಿಂದ 500 ಮೀಟರ್ ಒಳಗೆ ಅಂಗಡಿ ಇರ್ಬಹುದಾ, ರಾತ್ರಿ ಜನ ಬಿಡ್ಬಹುದಾ, ಎಲ್ಲದಕ್ಕೂ ದೆಹಲಿ. ನಗರಸಭೆ ಕೌಂಟರಲ್ಲಿ ಮುಗಿಬೇಕಾದ ವಿಷಯಕ್ಕೆ ದೇಶದ ಅತಿ ದೊಡ್ಡ ಕೋರ್ಟಲ್ಲಿ ಸೀನಿಯರ್ ವಕೀಲರು ನಿಂತಿರ್ತಾರೆ.

ಇನ್ನೂ ಒಂದು ತೊಂದರೆ ಏನಂದ್ರೆ ಶತ್ರುನೇ ಬದಲಾದ. ಜಾರ್ಜಿಯಾ ಟೆಕ್, ವಿಸ್ಕಾನ್ಸಿನ್ ವಿವಿ, ಐಐಟಿ ಕಾನ್ಪುರ ಮತ್ತೆ ನಮ್ಮ ಪುರಾತತ್ವ ಇಲಾಖೆಯೋರು ಸೇರಿ ತಾಜ್ ಮೇಲೇ ಅಮೃತಶಿಲೆ ಚೂರುಗಳನ್ನ ಇಟ್ಟು ಪರೀಕ್ಷೆ ಮಾಡಿದ್ರು, 2014ರ ಕೊನೆಗೆ ಫಲಿತಾಂಶ ಬಂತು. ಬಣ್ಣ ಕೆಡಿಸ್ತಿರೋದು ಆಸಿಡ್ ಅಲ್ಲ, ಧೂಳು ಮತ್ತೆ ಮಸಿ. ಕಪ್ಪು ಮಸಿ ವಾಹನ ಇತ್ಯಾದಿಯಿಂದ, ಕಂದು ಮಸಿ ಸೌದೆ, ಬೆರಣಿ, ಕಸ, ಒಣ ಎಲೆ ಸುಡೋದ್ರಿಂದ. ಬೆರಣಿ ಸುಡ್ಬೇಡಿ ಅಂತ ಅಲ್ಲೂ ಒಂದು ನಿಷೇಧ ಹಾಕಿದ್ರು. ಫೌಂಡ್ರಿಗೆ ಒಂದು ಚಿಮಣಿ, ಒಬ್ಬ ಓನರ್, ಒಂದು ಲೈಸೆನ್ಸ್ ಇತ್ತು, ಆರ್ಡರ್ ಕೊಟ್ರೆ ತಗೊಳ್ಳೋಕೆ ಒಬ್ಬ ಮನುಷ್ಯ ಇದ್ದ. ಒಲೆ ಮುಂದೆ ಕೂತ ಅಜ್ಜಿಗೆ ಯಾವ ಪೀಠ ನೋಟಿಸ್ ಕೊಡುತ್ತೆ?

ನದಿ ಕಥೆನೂ ಇದೇ. ಮೇಲಿನ ಹತ್ನಿಕುಂಡ್, ವಜೀರಾಬಾದ್, ಓಖ್ಲಾ ಬ್ಯಾರೇಜುಗಳನ್ನ ದಾಟಿ ಬರೋ ಹೊತ್ತಿಗೆ ಯಮುನೆಯಲ್ಲಿ ಒಳ್ಳೆ ನೀರು ಉಳಿದಿರಲ್ಲ, ಉಳಿದಿದ್ದು ಚರಂಡಿ. ನಿಂತ ನೀರಲ್ಲಿ ಪಾಚಿ, ಪಾಚಿ ತಿನ್ನೋ ಸಣ್ಣ ನೊಣ, ಅವು ಸಂಜೆ ಗುಂಪಾಗಿ ಬಂದು ನದಿ ಕಡೆ ಗೋಡೆ ಮೇಲೆ ಕೂತು ಹಸಿರು ಹಿಕ್ಕೆ ಹಾಕಿ ಹೋಗ್ತವೆ. 2018ರ ಮೇ ತಿಂಗಳಲ್ಲಿ ಇದರ ವಿಚಾರಣೆ ಆಗುವಾಗ ನಡೆದಿದ್ದು ಕೇಳಿದ್ರೆ ನಗು ಬರುತ್ತೆ. ಪಾಚಿ ಮೇಲ್ಭಾಗಕ್ಕೆ ಹೆಂಗೆ ಹೋಯ್ತು ಅಂತ ಜಡ್ಜ್ ಕೇಳಿದ್ರೆ, ಪುರಾತತ್ವ ಇಲಾಖೆ ಕಡೆಯೋರು ಹಾರ್ಕೊಂಡು ಹೋಯ್ತು ಅಂದ್ರು, ಪ್ರವಾಸಿಗರ ಕೊಳಕು ಸಾಕ್ಸ್ ಮೇಲೂ ಹೇಳಿದ್ರು. ಜುಲೈಯಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಪೀಠಕ್ಕೆ ರೇಗಿ ಹೋಗಿ, ಮುಚ್ಚಿಬಿಡಿ ಇಲ್ಲ ಕೆಡವಿಬಿಡಿ ಇಲ್ಲ ಸರಿ ಮಾಡಿ ಅಂತ ಹೇಳೋ ತನಕ ಹೋಯ್ತು, ಟಿವಿ ಟವರ್ ಥರ ಇರೋ ಐಫೆಲ್ ಟವರ್‌ಗೆ ಎಷ್ಟು ಜನ ಬರ್ತಾರೆ ನೋಡಿ ಅಂತ ಹೋಲಿಕೆನೂ ಆಯ್ತು. ಆಮೇಲೆ ರಾಜ್ಯ ಸರ್ಕಾರ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಕೈಲಿ ಬರೆಸಿದ, ತಾಜ್ ಮುಂದೆ ಹೆಂಗೆ ಕಾಪಾಡ್ಬೇಕು ಅನ್ನೋ ವಿಷನ್ ಡಾಕ್ಯುಮೆಂಟ್ ತಂದು ಕೊಡ್ತು, ಅದನ್ನ ಮಾಡುವಾಗ ಪುರಾತತ್ವ ಇಲಾಖೆಯನ್ನೇ ಕೇಳಿರ್ಲಿಲ್ಲ.

ಇಲಾಖೆ ತನ್ನ ಪಾಡಿಗೆ ಮುಲ್ತಾನಿ ಮಿಟ್ಟಿ ಕಲಸಿ ಗೋಡೆಗೆ ಬಳಿದು, ಒಣಗಿದ ಮೇಲೆ ನೀರಲ್ಲಿ ತೊಳೆಯೋದು ಮಾಡ್ತಾ ಬಂದಿದೆ, ಹೆಂಗಸರು ಮುಖಕ್ಕೆ ಹಚ್ಚೋ ಅದೇ ಮಣ್ಣು. ಕೆಲವು ವರ್ಷ ಬೆಳ್ಳಗೆ ಕಾಣುತ್ತೆ, ಆಮೇಲೆ ಮತ್ತೆ ಹಳದಿ.

ಇತ್ತೀಚಿನ ಅಧ್ಯಾಯ ಮರದ್ದು. ಪೀಠದಲ್ಲಿ ಇದ್ದಿದ್ದು ಅಭಯ್ ಓಕಾ, ನಮ್ಮ ಹೈಕೋರ್ಟಿಗೆ ಚೀಫ್ ಜಸ್ಟಿಸ್ ಆಗಿದ್ರಲ್ಲ ಅವರೇ, ಬೆಂಗಳೂರಿನ ಕೆರೆ ಮತ್ತೆ ರಸ್ತೆ ಗುಂಡಿ ಕೇಸುಗಳಲ್ಲಿ ಅಧಿಕಾರಿಗಳ ಬೆವರಿಳಿಸಿದೋರು. ವೃಂದಾವನದ ಹತ್ರ ಪರ್ಮಿಷನ್ ಇಲ್ಲದೇ 454 ಮರ ಕಡಿದಿದ್ದಕ್ಕೆ 2025ರ ಮಾರ್ಚಲ್ಲಿ ಮರಕ್ಕೆ ಒಂದು ಲಕ್ಷದಂತೆ ದಂಡ ಹಾಕಿದ್ರು. ಟಿಟಿಝಡ್ ರೈತರು ತಮ್ಮ ಜಮೀನಲ್ಲಿ ಬೆಳೆದ ಮರ ಕಡಿಯೋಕೆ ಅನುಮತಿ ಬೇಡ ಅಂತ 2019ರಲ್ಲಿ ಕೊಟ್ಟಿದ್ದ ವಿನಾಯಿತಿನೂ ವಾಪಸ್ ತಗೊಂಡ್ರು. ಮೇ ತಿಂಗಳಲ್ಲಿ ಇನ್ನೊಂದು ಆರ್ಡರ್, ತಾಜ್‌ನಿಂದ ಆಕಾಶಮಾರ್ಗದಲ್ಲಿ 5 ಕಿಲೋಮೀಟರ್ ಒಳಗೆ ಮರ ಕಡೀಬೇಕು ಅಂದ್ರೆ, ಐವತ್ತಕ್ಕಿಂತ ಕಮ್ಮಿ ಮರ ಇದ್ರೂ ಸರಿ, ಸುಪ್ರೀಂ ಕೋರ್ಟ್ ಪರ್ಮಿಷನ್ ಬೇಕು. ಆ ಅರ್ಜಿ ಹಾಕ್ಬೇಕಾಗಿರೋದೂ ಅದೇ ಕೇಸಲ್ಲಿ, ನಂಬರ್ 13381, ಇಸವಿ 1984.