ಸಾಂಬ್ರಾಕ್ಕೂ ಹುಬ್ಬಳ್ಳಿಗೂ ನಡುವಿನ 74 ಕಿಲೋಮೀಟರ್

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 74 ಕಿ.ಮೀ. ಲೆಕ್ಕ ಸುಲಭ: ಹುಬ್ಬಳ್ಳಿ ನಿಲ್ದಾಣ ಸಾಂಬ್ರಾಕ್ಕಿಂತ 55 ಕಿ.ಮೀ. ದಕ್ಷಿಣಕ್ಕಿದೆ, 50 ಕಿ.ಮೀ. ಪೂರ್ವಕ್ಕಿದೆ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರಾಯಿತು. ರಸ್ತೆಯಲ್ಲಿ ಇದು ನೂರರ ಹತ್ತಿರ ಬರುತ್ತದೆ. ಇಷ್ಟು ಹತ್ತಿರ ಎರಡು ನಿಲ್ದಾಣ ಬೇಕೇ, ಒಂದರ ವಿಮಾನವನ್ನು ಇನ್ನೊಂದು ಕಸಿಯುತ್ತಿದೆಯೇ ಎಂದು ಎರಡೂ ಊರಿನವರು ಇಷ್ಟು ವರ್ಷ ವಾದ ಮಾಡುತ್ತಿರುವುದು ಈ ಅಂತರದ ಮೇಲೆಯೇ.

ಸಾಂಬ್ರಾ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಹುಬ್ಬಳ್ಳಿಯದನ್ನು 1974ರಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆ ಕಟ್ಟಿತು. 2003ರ ಆಗಸ್ಟ್‌ನಲ್ಲಿ ಅಗ್ಗದ ದರದ ವಿಮಾನ ಕಂಪನಿ ಏರ್ ಡೆಕ್ಕನ್ ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿ ಸೇವೆ ಆರಂಭಿಸಿತು. ಇರುವ ನಿಲ್ದಾಣದ 150 ಕಿ.ಮೀ. ಒಳಗೆ ಸಾಮಾನ್ಯವಾಗಿ ಹೊಸದು ಬೇಡ ಎನ್ನುವ ನಿಯಮ ಬಂದದ್ದು ಈ ನಿಲ್ದಾಣಗಳನ್ನು ಕಟ್ಟಿದ ಮೇಲೆ. ಇವೆರಡೂ ಆಗಲೇ ಇದ್ದುದರಿಂದ ಅದರ ತೊಡಕು ತಟ್ಟಲಿಲ್ಲ.

ನಿಜವಾದ ಪೈಪೋಟಿ ಶುರುವಾದದ್ದು 2017ರಿಂದ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸಾಂಬ್ರಾದಲ್ಲಿ ಹೊಸ ಟರ್ಮಿನಲ್, 2,300 ಮೀಟರ್ ರನ್‌ವೇ. ಡಿಸೆಂಬರ್‌ನಲ್ಲಿ ಹುಬ್ಬಳ್ಳಿಗೂ ಹೊಸ ಟರ್ಮಿನಲ್. ಎರಡೂ ಕಡೆ ದೊಡ್ಡ ಜೆಟ್ ಇಳಿಯುವಂತಾಯಿತು. 2018ರ ಜನವರಿಯಲ್ಲಿ, ಸಣ್ಣ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ಒದಗಿಸುವ ಕೇಂದ್ರದ 'ಉಡಾನ್' ಯೋಜನೆಯ ಎರಡನೇ ಸುತ್ತಿನ ಪಟ್ಟಿಯಲ್ಲಿ ಹುಬ್ಬಳ್ಳಿ ಬಂತು, ಬೆಳಗಾವಿ ಬರಲಿಲ್ಲ. ಉಡಾನ್ ಮಾರ್ಗದಲ್ಲಿ ಸುಮಾರು ಅರ್ಧದಷ್ಟು ಸೀಟುಗಳಿಗೆ ದರದ ಮಿತಿ, ವಿಮಾನ ಕಂಪನಿಯ ನಷ್ಟ ತುಂಬಲು ಮೂರು ವರ್ಷ ಸರ್ಕಾರದ ಹಣ. ಆ ಅನುಕೂಲ ಇದ್ದ ಕಡೆಗೆ ವಿಮಾನ ಹೋಗುವುದು ಸಹಜ, ಹಾಗೆಯೇ ಹೋಯಿತು. 2019ರ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಹಲವು ಮಾರ್ಗ ಸಿಕ್ಕವು. ಅವಧಿ ಮುಗಿದಂತೆ ಅವುಗಳಲ್ಲಿ ಕೆಲವು ನಿಂತೂ ಹೋದವು. ಇದಕ್ಕೆ ಹುಬ್ಬಳ್ಳಿ ಪಕ್ಕದಲ್ಲಿರುವುದು ಕಾರಣವಲ್ಲ. ಸಹಾಯಧನ ನಿಂತ ಮೇಲೂ ಸೀಟು ತುಂಬುವಷ್ಟು ಪ್ರಯಾಣಿಕರು ಆ ಮಾರ್ಗದಲ್ಲಿ ಇದ್ದಾರೆಯೇ ಎಂಬುದೇ ಪ್ರಶ್ನೆ.

ಗೋಕಾಕ, ಚಿಕ್ಕೋಡಿ, ನಿಪ್ಪಾಣಿಯವರಿಗೆ ಇವೆರಡರಲ್ಲಿ ಸಾಂಬ್ರಾವೇ ಹತ್ತಿರ. ಗದಗ, ಹಾವೇರಿ, ಶಿರಸಿಯವರು ಹುಬ್ಬಳ್ಳಿಗೇ ಬರುತ್ತಾರೆ. ಎರಡೂ ಕಡೆ ನೋಡುವವರು ಧಾರವಾಡ, ಕಿತ್ತೂರು, ಬೈಲಹೊಂಗಲದ ಜನ ಮಾತ್ರ. ಒಂದನ್ನು ಮುಚ್ಚಿ ಇನ್ನೊಂದಕ್ಕೆ ಹೋಗಿ ಎನ್ನುವ ಸಲಹೆ ಈ ಭೂಗೋಳ ನೋಡದವರದು.

ಒಂದು ಕಡೆ ವಿಮಾನ ತಪ್ಪಿ ಇನ್ನೊಂದು ಕಡೆಗೆ ಓಡಬೇಕಾದರೆ ಬೆಳಗಾವಿ ಕಡೆಯಿಂದ ದಾರಿ ಹೀಗಿದೆ: ಹಿರೇಬಾಗೇವಾಡಿ ಟೋಲ್, ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ತೇಗೂರು, ಧಾರವಾಡ. ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿ ಕಿತ್ತೂರಿನ ಹತ್ತಿರದ ಸಣ್ಣ ಊರು. ಬರೀ 'ಹುಬ್ಬಳ್ಳಿ' ಎಂದರೆ ಹೊರಗಿನ ಚಾಲಕ ಗಲಿಬಿಲಿಯಾದಾನು, ಹಾಗಾಗಿ 'ಗೋಕುಲ ರೋಡ್ ಏರ್‌ಪೋರ್ಟ್' ಎಂದೇ ಹೇಳಿ. ಧಾರವಾಡದವರೆಗೆ ಅಗಲವಾದ ಹೆದ್ದಾರಿ, ವೇಗ ಸಿಗುತ್ತದೆ. ಆಮೇಲೆ ಊರೊಳಗಿಂದ ಹೋದರೆ ನವನಗರ, ಉಣಕಲ್ ಸಿಗ್ನಲ್‌ಗಳಲ್ಲಿ ಸಮಯ ಕಳೆಯುತ್ತದೆ. ನರೇಂದ್ರದಿಂದ ಬೈಪಾಸ್ ಹಿಡಿದರೆ ಸಿಗ್ನಲ್ ಇಲ್ಲ. ಆದರೆ ಈ ಬೈಪಾಸ್ ಎರಡೇ ಪಥದ್ದಾಗಿದ್ದ ಕಾಲದಲ್ಲಿ, ಎದುರಿನ ಲಾರಿಗೆ ಮುಖಾಮುಖಿಯಾಗಿ ಓವರ್‌ಟೇಕ್ ಮಾಡುವ ಜಾಗದಲ್ಲೇ ಎಷ್ಟೋ ಜೀವ ಹೋಗಿವೆ. ಅದನ್ನು ಅಗಲಗೊಳಿಸುವ ಕೆಲಸ ಬಹಳ ತಡವಾಗಿ ಶುರುವಾಯಿತು.

ಕಾರಿನಲ್ಲಿ ಎರಡು ಗಂಟೆ, ತಡೆಗೆ ಅರ್ಧ ಗಂಟೆ, ನಿಲ್ದಾಣದಲ್ಲಿ ಒಂದೂವರೆ ಗಂಟೆ: ವಿಮಾನ ಹೊರಡುವ ನಾಲ್ಕು ಗಂಟೆ ಮೊದಲೇ ಮನೆ ಬಿಡಬೇಕು. ರೈಲು ನಂಬಿದರೆ ಈಗಿರುವ ಹಳಿ ಲೋಂಡಾ ಸುತ್ತಿಕೊಂಡು ಹೋಗುತ್ತದೆ. ಕಿತ್ತೂರು ಮೇಲಿನ ನೇರ ಮಾರ್ಗ ಆದಾಗಷ್ಟೇ ಆ ಸುತ್ತು ತಪ್ಪೀತು.